ಬ್ಯಾಡಗಿ ಕೋಲ್ಡ್ ಸ್ಟೋರೇಜಿನ್ಯಾಗ ಮೆಣಸಿನಕಾಯಿ ಚೀಲ ಹುಡಕಾಕ ಬಿಎಲ್‌ಇ, ಯುಡಬ್ಲ್ಯೂಬಿ, ಆರ್‌ಎಫ್‌ಐಡಿ ಒಳಗ ಯಾವುದು ತಗೊಳ್ಳೂದ್ರಿ?

ವಿದ್ಯಾನಗರ_ಬ್ಯಾಕೆಂಡ್

ನಮಸ್ಕಾರ್ರಿ ಎಲ್ಲಾರಿಗೂ. ನಾವು ಹುಬ್ಬಳ್ಳಿಯಾಗ ಸಣ್ಣ ಸಾಫ್ಟ್‌ವೇರ್ ಟೀಮ್, ಮೊಬೈಲ್ ಆ್ಯಪ್ ಮತ್ತ ಬ್ಯಾಕೆಂಡ್ ಅಷ್ಟ ನಮ್ಮ ಕೆಲಸ, ರೇಡಿಯೋ ಅಂದ್ರ ಧಾರವಾಡ ಆಕಾಶವಾಣಿ ಬಿಟ್ರ ಬ್ಯಾರೆ ಗೊತ್ತಿಲ್ಲ. ಈಗ ಬ್ಯಾಡಗಿ ಕಡೆ ಒಬ್ಬರು ಕೋಲ್ಡ್ ಸ್ಟೋರೇಜ್ ಮಾಲೀಕರು ಕೆಲಸ ತಂದಾರ, ಅವರ ಸಮಸ್ಯೆ ಹೇಳ್ತೇನಿ ಕೇಳ್ರಿ.

ಬ್ಯಾಡಗಿ ಮಾರ್ಕೆಟ್ ಹೆಂಗ ಅಂತ ನಿಮಗೂ ಗೊತ್ತ ಐತಿ. ರೇಟ್ ಬಿತ್ತಂದ್ರ ರೈತರು ಮಾಲು ಕೊಡೂದಿಲ್ಲ, ಸೀದಾ ಕೋಲ್ಡ್ ಸ್ಟೋರೇಜಿಗೆ ಹಾಕಿ ರೇಟ್ ಏರೂ ತನಕ ಕಾಯ್ತಾರ, ಖರೀದಿ ಮಾಡಿದ ವ್ಯಾಪಾರಸ್ಥರೂ ಅಲ್ಲೇ ಇಡ್ತಾರ. ಸೀಜನ್ನಿನ್ಯಾಗ ಚೀಲ ಬಂದಂಗ ಹಮಾಲರು ಜಾಗಾ ಸಿಕ್ಕಲ್ಲೆ ಥಪ್ಪಿ ಹಚ್ಚಿ ಬಿಡ್ತಾರ, ಒಬ್ಬರ ಡಬ್ಬಿ ಮಾಲಿನ ಮುಂದ ಇನ್ನೊಬ್ಬರ ಕಡ್ಡಿ ಮಾಲು (ಎರಡೂ ಬ್ಯಾಡಗಿ ಮೆಣಸಿನಕಾಯಿ ನಮೂನಿ) ಬಂದು ಕುಂಡ್ರತೈತಿ. ನಾಕೈದು ತಿಂಗಳ ಆದ ಮ್ಯಾಲ ರೈತ ಬಂದು ನನ್ನ ಅರವತ್ತು ಚೀಲ ತಗೀರಿ ಅಂದ್ರ ಬುಕ್ಕಿನ್ಯಾಗ ‘ರೂಮ್ 3, ಎಡಕ್ಕ’ ಅಂತ ಅಷ್ಟ ಬರದಿರ್ತಾರ. ಆ ಎಡಕ್ಕ ಅನ್ನೂದ್ರಾಗ ಸಾವಿರಾರು ಚೀಲ. ಥಪ್ಪಿ ಕೆಡವಿ ಹುಡಕಿ ಹೊಳ್ಳಿ ಹಚ್ಚೂದು, ಹಮಾಲಿ ಎರಡೆರಡು ಸಲ ಕೊಡೂದು, ಬಾಗಲಾ ತಗದಿಟ್ಟು ಥಂಡಿ ಎಲ್ಲಾ ಹೊರಗ ಹೋಗೂದು.

ಮಾಲೀಕರ ಮಗ ಎಲ್ಲೋ ವಿಡಿಯೋ ನೋಡ್ಯಾನ, ‘ಆ್ಯಪಲ್ ಕಂಪನಿಯ ಏರ್‌ಟ್ಯಾಗ್ (ಕಳದ ಸಾಮಾನು ಹುಡಕೂ ಬಿಲ್ಲೆ) ಥರ ಫೋನಿನ್ಯಾಗ ಬಾಣದ ಗುರ್ತು ತೋರಸಬೇಕು, ಚೀಲ ಇಲ್ಲೈತಿ ಅಂತ’ ಅಂತಾನ. ನಾನು ಓದಿದ ಪ್ರಕಾರ ಬಿಎಲ್‌ಇ (ಕಡಿಮಿ ಬ್ಯಾಟ್ರಿ ತಿನ್ನೂ ಬ್ಲೂಟೂತ್) ಬೀಕನ್, ಅಂದ್ರ ತನ್ನ ಗುರ್ತು ಕೂಗತಿರೂ ಸಣ್ಣ ಡಬ್ಬಿ, ಸಸ್ತಾ ಆದ್ರ ಅಳತಿ ಸರಿ ಬರೂದಿಲ್ಲ, ಯುಡಬ್ಲ್ಯೂಬಿ (ಗಿಡ್ಡ ಪಲ್ಸಿನ ಅಗಲ ಪಟ್ಟಿಯ ರೇಡಿಯೋ) ಹತ್ತು ಸೆಂಟಿಮೀಟರ್ ತನಕ ಹೇಳ್ತೈತಿ ಆದ್ರ ತುಟ್ಟಿ, ಆರ್‌ಎಫ್‌ಐಡಿ (ರೇಡಿಯೋದಿಂದ ಓದೂ ನಂಬರ್ ಚೀಟಿ) ಟ್ಯಾಗಿಗೆ ಬ್ಯಾಟ್ರಿ ಬ್ಯಾಡ ಆದ್ರ ರೀಡರ್ ಬೇಕು, ಮತ್ತ ವೈಫೈ ಆರ್‌ಟಿಟಿ (ವೈಫೈ ಸಿಗ್ನಲ್ ಹೋಗಿ ಬರೂ ಹೊತ್ತಿನಿಂದ ದೂರ ಅಳಿಯೂದು) ಅಂತ ಒಂದು ಐತೆಂತ. ಸಾಫ್ಟ್‌ವೇರ್ ಬರಿಯವರ ಕಡಿಂದ ನೋಡಿದ್ರ ಇದರಾಗ ಯಾವುದಕ್ಕ ಕೈ ಹಾಕಬೇಕು? ಎಪಿಐ (ನಮ್ಮ ಪ್ರೋಗ್ರಾಮು ಅದರ ಕೂಡ ಮಾತಾಡೂ ದಾರಿ) ಯಾವುದಕ್ಕ ಚೊಲೋ ಅದಾವ, ಯಾವುದಕ್ಕ ತೆಲಿ ಕೆಡ್ತೈತಿ? ಪುಸ್ತಕದ ಮಾತು ಬ್ಯಾಡ್ರಿ, ಮಾಡಿದವರು ಹೇಳ್ರಿ.

ಸಾಧನಕೇರಿ_ಆಂಡ್ರಾಯ್ಡ್

ಮೊದಲ ಆ ಮಾಲೀಕರ ಮಗನಿಗೆ ಒಂದು ಮಾತು ಹೇಳಿ ಬಿಡ್ರಿ, ಏರ್‌ಟ್ಯಾಗ್ ತಗೊಂಡು ಬಂದು ನಿಮ್ಮ ಆ್ಯಪಿಗೆ ಜೋಡಿಸ್ಲಿಕ್ಕೆ ಬರೂದಿಲ್ಲ. ಅದರ ಲೊಕೇಶನ್ ನಿಮ್ಮ ಸರ್ವರಿಗೆ ಕೊಡೋ ಅಧಿಕೃತ ಎಪಿಐ ಆ್ಯಪಲ್ ಕೊಟ್ಟೇ ಇಲ್ಲ. ದೂರ ಇದ್ದಾಗ ಅದು ಮಾಡೋದು ಬ್ಲೂಟೂತ್ ಮ್ಯಾಲ ಕೂಗೋದು ಅಷ್ಟ, ಮಗ್ಗಲಕ್ಕ ಹಾಯೋ ಐಫೋನ್‌ಗಳು ಅದನ್ನ ಕೇಳಿಸ್ಕೊಂಡು ವರದಿ ಒಪ್ಪಿಸ್ತಾವ. ಬಾಣದ ಗುರ್ತು ಬರೋದು ಹತ್ರ ಬಂದಾಗ ಯುಡಬ್ಲ್ಯೂಬಿಯಿಂದ, ಅದಕ್ಕೂ 2019ರ ಐಫೋನ್ 11 ಅಥವಾ ಆಮ್ಯಾಲಿಂದು ಬೇಕು, ಅದರಾಗೂ ಎಸ್‌ಇ, 16ಇ ಅಂಥಾ ಮಾಡೆಲ್ ನಡಿಯೂದಿಲ್ಲ. ನಿಮ್ಮ ಸೂಪರ್‌ವೈಸರ್ ಕೈಯಾಗ ಇರೋದು ಹತ್ತು ಹನ್ನೆರಡು ಸಾವಿರದ ಆಂಡ್ರಾಯ್ಡ್ ಅಲ್ಲೇನು?

ಈಗ ಬಿಎಲ್‌ಇ. ಆರ್‌ಎಸ್‌ಎಸ್‌ಐ (ಬಂದ ಸಿಗ್ನಲ್ ಎಷ್ಟು ಜೋರು ಅನ್ನೋ ಅಂಕಿ) ನೋಡಿ ದೂರ ಲೆಕ್ಕ ಹಾಕೋದು ಅಂದ್ರ ಸಂತ್ಯಾಗ ನಿಂತು ಒಬ್ಬನ ಕೂಗು ಕೇಳಿ ಎಷ್ಟು ಮಾರು ದೂರ ಇದ್ದಾನ ಅಂತ ಹೇಳಿದಂಗ. ಬಯಲಿನ್ಯಾಗ ದೂರ ದುಪ್ಪಟ್ಟಾದ್ರ ಸಿಗ್ನಲ್ 6 ಡೆಸಿಬೆಲ್ (ಡಿಬಿ) ಇಳೀತದ. ಆದ್ರ ಫೋನ್ ಹಿಡಿದವ ಬೆನ್ನು ತಿರುಗಿಸಿದ್ರ, ಮೈಯಾಗಿನ ನೀರು 2.4 ಗಿಗಾಹರ್ಟ್ಸ್ ಹೀರ್ಕೊಂಡು, 10 ಡಿಬಿ ಸಲೀಸಾಗಿ ಹೋಗ್ತದ. 10 ಡಿಬಿ ಅಂದ್ರ ಲೆಕ್ಕದಾಗ ಮೂರು ಪಟ್ಟು ದೂರ. ಎರಡು ಮೀಟರಿನ್ಯಾಗ ಇದ್ದ ಚೀಲ ಆರು ಮೀಟರ್ ಆಚೆ ಅದ ಅಂತ ಆ್ಯಪ್ ತೋರಿಸ್ತದ, ಯಾರೂ ಜಾಗಾ ಬಿಟ್ಟು ಅಲುಗಾಡಿರೂದಿಲ್ಲ. ಕಾಲ್ಮನ್ ಫಿಲ್ಟರ್ (ಕುಣಿಯೋ ಅಂಕಿ ಸಮ ಮಾಡೋ ಲೆಕ್ಕ) ಹಾಕ್ತೇನಿ, ಸರಾಸರಿ ತಗಿತೇನಿ ಅಂತ ಎಲ್ಲಾರೂ ಹೇಳ್ತಾರ, ಹಾಕ್ರಿ, ಕುಣಿಯೋ ಮುಳ್ಳು ಸ್ವಲ್ಪ ನಿಧಾನ ಕುಣೀತದ, ಖರೇ ದೂರ ಹೇಳೂದಿಲ್ಲ.

ಎಪಿಐ ಕಡೆ ತೆಲಿ ಕೆಡಿಸೋ ವಿಷಯ ಕೆಲವು ಹೇಳ್ತೀನಿ, ಯಾಕಂದ್ರ ಇವು ಡೆಮೋದಾಗ ಕಾಣೂದಿಲ್ಲ, ಗಿರಾಕಿ ಮುಂದ ಕಾಣ್ತಾವ. ಆಂಡ್ರಾಯ್ಡ್ 7ರಿಂದ 30 ಸೆಕೆಂಡಿನ್ಯಾಗ ಐದು ಸಲಕ್ಕಿಂತ ಹೆಚ್ಚು ಸ್ಕ್ಯಾನ್ ಶುರು ಮಾಡಿದ್ರ ಅದು ಎಷ್ಟೋ ಸಲ ಎರರ್ ಸಹಿತ ಕೊಡದ ಸುಮ್ಮನ ಖಾಲಿ ಕುಂಡ್ರಸ್ತದ, ನೀವು ಬೀಕನ್ ಕೆಟ್ಟದ ಅಂತ ಬ್ಯಾಟ್ರಿ ಬಿಚ್ಚಿ ನೋಡ್ತಿರ್ತೀರಿ. 8.1ರಿಂದ ಸ್ಕ್ರೀನ್ ಆಫ್ ಆದ್ರ ಫಿಲ್ಟರ್ ಇಲ್ಲದ ಸ್ಕ್ಯಾನ್ ನಿಲ್ತದ. ಆಂಡ್ರಾಯ್ಡ್ 12ರಾಗ ಲೊಕೇಶನ್ ಪರ್ಮಿಶನ್ ಕೇಳೋದು ತಪ್ಪಲಿ ಅಂತ ‘ನೆವರ್ ಫಾರ್ ಲೊಕೇಶನ್’ ಫ್ಲ್ಯಾಗ್ ಹಚ್ಚಿದ್ರೆಂದ್ರ ಕೆಲವು ಬೀಕನ್‌ಗಳನ್ನ ಸಿಸ್ಟಮ್ಮ ಸೋಸಿ ತಗದು ಬಿಡ್ತದ, ಫ್ಲ್ಯಾಗ್ ತಗದ್ರ ಹೊಳ್ಳಿ ಕಾಣ್ತಾವ. ಐಒಎಸ್ ಕಡೆ ಹೋದ್ರ ಐಬೀಕನ್ (ಆ್ಯಪಲ್ ನಮೂನಿ ಬೀಕನ್) ಬ್ಲೂಟೂತ್ ಲೈಬ್ರರಿ ಕೋರ್‌ಬ್ಲೂಟೂತ್‌ನ್ಯಾಗ ಕಾಣೂದ ಇಲ್ಲ, ಲೊಕೇಶನ್ ಲೈಬ್ರರಿ ಕೋರ್‌ಲೊಕೇಶನ್ ಮೂಲಕನ ಬರಬೇಕು, ಯುಯುಐಡಿ (ಉದ್ದನ್ನ ಗುರ್ತಿನ ನಂಬರ್) ಮೊದಲ ಗೊತ್ತಿರಬೇಕು, ಒಂದು ಆ್ಯಪಿಗೆ 20 ರೀಜನ್ (ನಿಗಾ ಇಡೋ ಬೀಕನ್ ಗುಂಪು) ಅಷ್ಟ.

ವೈಫೈ ಆರ್‌ಟಿಟಿ ಚೊಲೋ ವಿದ್ಯೆ, 2018ರಾಗ ಆಂಡ್ರಾಯ್ಡ್ 9ಕ್ಕ ಬಂತು, ಒಂದೆರಡು ಮೀಟರ್ ತನಕ ಹೇಳ್ತದ. ಆದ್ರ ಅದು ಫೋನ್ ಎಲ್ಲದ ಅಂತ ಹೇಳ್ತದ, ಚೀಲ ಎಲ್ಲದ ಅಂತಲ್ಲ. ಐಫೋನಿನ್ಯಾಗ ಅದರ ಎಪಿಐನೂ ಇಲ್ಲ. ಬಿಡ್ರಿ ಅದನ್ನ.

ಬೆಟಗೇರಿ_ಬೋರ್ಡು

ಯುಡಬ್ಲ್ಯೂಬಿ ಬಗ್ಗೆ ನಾ ಹೇಳ್ತೇನಿ, ನಮ್ಮ ಕಡೆ ಡಿಡಬ್ಲ್ಯೂ1000 ಅನ್ನೂ ಯುಡಬ್ಲ್ಯೂಬಿ ಚಿಪ್ಪಿನ ಮಾಡ್ಯೂಲ್ ಹಚ್ಚಿ ಬೋರ್ಡು ಮಾಡಿದ್ವಿ.

ಇದು ಸಿಗ್ನಲ್ ಜೋರು ಎಷ್ಟೈತಿ ಅಂತ ನೋಡೂದಿಲ್ಲ, ಹೋಗಿ ಬರಾಕ ಎಷ್ಟು ಹೊತ್ತು ಹಿಡೀತು ಅಂತ ಎಣಿಸ್ತೈತಿ. ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗ್ತೈತಿ, ಅಲ್ಲಿಗೆ ಹತ್ತು ಸೆಂಟಿಮೀಟರ್ ಅಂದ್ರ ನ್ಯಾನೋಸೆಕೆಂಡಿನ ಮೂರನೇ ಒಂದು ಪಾಲು ಹಿಡೀಬೇಕು. ಪಲ್ಸ್ ಭಾಳ ಗಿಡ್ಡು, ಹಂಗಾಗಿ ತಗಡಿಗೆ ಬಡದು ಬಂದ ಪ್ರತಿಧ್ವನಿ ಬ್ಯಾರೆ, ಸೀದಾ ಬಂದಿದ್ದು ಬ್ಯಾರೆ ಅಂತ ಚಿಪ್ಪಿಗೆ ಗೊತ್ತಾಗ್ತೈತಿ, ಬ್ಲೂಟೂತ್ ಆರ್‌ಎಸ್‌ಎಸ್‌ಐಗೆ ಆ ಭಾಗ್ಯ ಇಲ್ಲ. ತೆರದ ಶೆಡ್ಡಿನ್ಯಾಗ ನಾಕು ಮೂಲಿಗೆ ಆ್ಯಂಕರ್ (ಒಂದ ಜಾಗಾದಾಗ ಕೂರೂ ಅಳತಿ ಡಬ್ಬಿ) ಹಚ್ಚಿ ಫೋರ್ಕ್‌ಲಿಫ್ಟಿಗೆ ಒಂದು ಟ್ಯಾಗ್ ಕಟ್ಟಿದ್ರ ನಕ್ಷೆ ಮ್ಯಾಲ ಅದು ಓಡಾಡೂದು ನೋಡಾಕ ಖುಷಿ ಆಗ್ತೈತಿ.

ಆದ್ರ ನಿಮ್ಮ ಕೋಲ್ಡ್ ರೂಮಿನ್ಯಾಗ? ಛತ್ತಿನ ತನಕ ಥಪ್ಪಿ ಹಚ್ಚಿರ್ತಾರ, ಆ್ಯಂಕರ್ ಮತ್ತ ಟ್ಯಾಗ್ ನಡುವ ನಾಕೈದು ಸಾಲು ಮೆಣಸಿನಕಾಯಿ. ಸೀದಾ ಬರೋ ಪಲ್ಸ್ ಸೊರಗಿ ಹೋಗಿ ಸುತ್ತ ಹಾಕಿ ಬಂದಿದ್ದನ್ನ ಮೊದಲನೇದು ಅಂತ ತಿಳ್ಕೊಂಡ್ರ ದೂರ ಯಾವಾಗ್ಲೂ ಹೆಚ್ಚಿಗೇ ತೋರಸ್ತೈತಿ, ಕಡಿಮಿ ಅಂತೂ ತೋರ್ಸೂದಿಲ್ಲ. ಅಂಥಾದ್ದರ ಮ್ಯಾಲ ಟ್ರೈಲ್ಯಾಟರೇಶನ್ (ಮೂರ್ನಾಕು ಕಡಿಂದ ದೂರ ಕೂಡಿಸಿ ಜಾಗಾ ತಗಿಯೂ ಲೆಕ್ಕ) ಮಾಡಿದ್ರ ಚೀಲ ಗ್ವಾಡಿ ಆಚೆ ಕಡೆ ಹೊಲದಾಗ ಬಿದ್ದಿರ್ತೈತಿ.

ಆಮ್ಯಾಲ ಬ್ಯಾಟ್ರಿ. ರಿಸೀವ್ ಮಾಡೂ ಮುಂದ ಈ ಚಿಪ್ಪು 100 ಮಿಲಿಆ್ಯಂಪ್ ದಾಟಿ ಎಳೀತೈತಿ, ನಾಣ್ಯದ ಸೆಲ್ಲು ಅಷ್ಟು ಒಮ್ಮಿಗೆ ಕೊಡಂಗಿಲ್ಲ, ಅದೂ ಥಂಡಿಯಾಗ ಇನ್ನೂ ಕಡಿಮಿ. ಟ್ಯಾಗ್ ಒಂದಕ್ಕ ಸಾವಿರದ ಲೆಕ್ಕ, ಚೀಲಕ್ಕೊಂದು ಕಟ್ಟಿದ್ರ ಮೆಣಸಿನಕಾಯಿಗಿಂತ ಟ್ಯಾಗ್ ಕಳವು ಆಗೂದು ಮೊದಲ.

ಡೆವಲಪರ್‌ಗಳಿಗೆ ಒಂದು ಎಚ್ಚರಿಕೆ. ಐಫೋನ್ ಕೂಡ ಮಾತಾಡಬೇಕಂದ್ರ ಹಳೇ ಡಿಡಬ್ಲ್ಯೂ1000 ನಡಿಯೂದಿಲ್ಲ, ಡಿಡಬ್ಲ್ಯೂ3000 ಪೀಳಿಗೆಯದ್ದ ಬೇಕು. 2020ರಾಗ ಬಂದ 802.15.4ಝಡ್ ಅನ್ನೂ ಯುಡಬ್ಲ್ಯೂಬಿ ಸ್ಟ್ಯಾಂಡರ್ಡಿನ ಸೆಕ್ಯೂರ್ ರೇಂಜಿಂಗು (ಮೋಸ ಆಗದಂಗ ದೂರ ಅಳಿಯೂದು), 9ನೇ ಚಾನಲ್ಲು, ಎರಡೂ ಹಳೇದ್ರಾಗ ಇಲ್ಲ. ಆನ್‌ಲೈನಿನ್ಯಾಗ ಸಸ್ತಾ ಸಿಕ್ಕಾವ ಅಂತ ಡಬ್ಬಿಗಟ್ಟಲೆ ಹಳೇ ಮಾಡ್ಯೂಲ್ ತರಸಬ್ಯಾಡ್ರಿ. ಆಂಡ್ರಾಯ್ಡಿನ್ಯಾಗ ಯುಡಬ್ಲ್ಯೂಬಿಗೆ ಗೂಗಲ್‌ನ ಜೆಟ್‌ಪ್ಯಾಕ್ ಲೈಬ್ರರಿ ಐತಿ ಖರೆ, ಆದ್ರ ಪಿಕ್ಸೆಲ್ ಪ್ರೋ, ಸ್ಯಾಮ್‌ಸಂಗ್ ಅಲ್ಟ್ರಾ ಅಂಥಾ ತುಟ್ಟಿ ಫೋನಿನ್ಯಾಗ ಅಷ್ಟ ಹಾರ್ಡ್‌ವೇರ್ ಇರೂದು.

ಕಾಲೇಜ್_ಬೆಂಚು

ಸರ್ ನಡುವ ಬಂದೆ ಅಂತ ಬೇಜಾರಾಗಬ್ಯಾಡ್ರಿ, ನಮ್ಮ ಫೈನಲ್ ಇಯರ್ ಪ್ರಾಜೆಕ್ಟಿನ್ಯಾಗ ಕ್ಲಾಸಿನ್ಯಾಗ ಯಾರದಾರ ಅಂತ ಅವರ ಫೋನಿನ ಬ್ಲೂಟೂತ್ ಮ್ಯಾಕ್ ಅಡ್ರೆಸ್ (ರೇಡಿಯೋದ ಗುರ್ತಿನ ನಂಬರ್) ಹಿಡಿದು ಹಾಜರಿ ಹಾಕೂದು ಮಾಡಾಕತ್ತೀವಿ, ಇಎಸ್‌ಪಿ32 (ವೈಫೈ, ಬ್ಲೂಟೂತ್ ಇದ್ದ ಸಣ್ಣ ಬೋರ್ಡು) ಹಚ್ಚೀವಿ. ಇದ ಐಡಿಯಾ ಹಮಾಲರಿಗೂ ನಡೀತೈತೇನು, ಯಾರು ಯಾವ ರೂಮಿನ್ಯಾಗ ಅದಾರ ಅಂತ? ಚೀಲ ಯಾರು ಎಲ್ಲಿಟ್ರು ಅಂತ ಗೊತ್ತಾಕ್ಕೈತಲ್ಲ.

ಸಾಧನಕೇರಿ_ಆಂಡ್ರಾಯ್ಡ್

ತಮ್ಮಾ, ಫೋನ್ ತನ್ನ ಬಿಎಲ್‌ಇ ಅಡ್ರೆಸ್ ಹದಿನೈದು ನಿಮಿಷಕ್ಕೊಮ್ಮೆ ಆಸುಪಾಸು ಬದಲಿ ಮಾಡ್ತಿರ್ತದ, ಹಿಂಗ ಜನರನ್ನ ಹಿಂಬಾಲಿಸಬಾರದು ಅಂತನ ಮಾಡಿದ್ದು. ಒಂದು ಪೀರಿಯಡ್ ಮುಗಿಯೋದ್ರಾಗ ನಿಮ್ಮ ಕ್ಲಾಸಿನ್ಯಾಗ ಮುನ್ನೂರು ಹುಡುಗರು ಕಾಣ್ತಾರ. ಉಲ್ಟಾ ಮಾಡು, ಕ್ಲಾಸಿನ್ಯಾಗ ಬೀಕನ್ ಇಡು, ಹುಡುಗರ ಆ್ಯಪ್ ಅದನ್ನ ಕೇಳಲಿ. ಮತ್ತ ಇಎಸ್‌ಪಿ32ರಾಗ ವೈಫೈ, ಬಿಎಲ್‌ಇ ಎರಡಕ್ಕೂ ಒಂದ ರೇಡಿಯೋ, ಪಾಳಿ ಹಚ್ಚಿ ಕೆಲಸ ಮಾಡ್ತಾವ, ಡೇಟಾ ಕಳಸೂ ಮುಂದ ಸ್ಕ್ಯಾನ್ ತಪ್ತದ, ಲೆಕ್ಕದಾಗ ಇಟ್ಕೋ. ಹಮಾಲರಿಗೆ ಟ್ಯಾಗ್ ಕಟ್ಟೋ ವಿಚಾರ ಮಾತ್ರ ಬ್ಯಾಡ, ಪ್ರಶ್ನೆ ಇರೋದು ಚೀಲದ್ದು. ಅವರು ಎಷ್ಟೊತ್ತು ಚಹಾ ಕುಡದ್ರು ಅಂತ ಮಾಲೀಕರಿಗೆ ತೋರಿಸೋ ಸಾಫ್ಟ್‌ವೇರ್ ಬರದ್ರ ಮರುದಿನಕ್ಕ ಟ್ಯಾಗ್ ಎಲ್ಲಾ ಗಟಾರಿನ್ಯಾಗ ಇರ್ತಾವ, ಅವರ ಕಡಿಂದ ನೋಡಿದ್ರ ಅದ ನ್ಯಾಯನೂ ಹೌದು.

ತಾರಿಹಾಳ_ಗೋದಾಮು

ನಮ್ಮದು ಗೋದಾಮಿನ ಸಾಫ್ಟ್‌ವೇರ್, ಆರ್‌ಎಫ್‌ಐಡಿ ಕೂಡ ದಿನಾ ಜಗಳ. ಮ್ಯಾಲಿನವರು ಹೇಳಿದ್ದೆಲ್ಲಾ ಖರೆ. ಆದ್ರ ಪ್ರಶ್ನೇನ ಸ್ವಲ್ಪ ತಿರುವಿ ಹಾಕಬೇಕ್ರಿ. ಎಷ್ಟು ಸೆಂಟಿಮೀಟರ್ ಅನ್ನೂದು ಆಮ್ಯಾಲಿನ ಮಾತು. ಎಷ್ಟು ಟ್ಯಾಗ್ ಬೇಕು, ಮತ್ತ ಪ್ರಶ್ನೆ ಎಲ್ಲಿ ನಿಂತು ಕೇಳ್ತಾರ, ಇವೆರಡು ಗೊತ್ತಾದ್ರ ಆಯ್ಕೆ ತಾನ ಆಗ್ತೈತಿ. ಹತ್ತು ಫೋರ್ಕ್‌ಲಿಫ್ಟ್ ಇದ್ರ ಯುಡಬ್ಲ್ಯೂಬಿ. ನೂರಿನ್ನೂರು ಸಾಮಾನು, ಯಾವ ರೂಮಿನ್ಯಾಗ ಅದಾವ ಅಂತ ಕುಂತಲ್ಲೆ ಗೊತ್ತಾಗಬೇಕು ಅಂದ್ರ ಬಿಎಲ್‌ಇ. ಹತ್ತಾರು ಸಾವಿರ ಚೀಲ, ಬಾಗಲದಾಗ ಎಣಸಬೇಕು, ಬೇಕಾದಾಗ ಹುಡಕಬೇಕು ಅಂದ್ರ ಬ್ಯಾಟ್ರಿ ಇದ್ದಿದ್ದು ಯಾವುದೂ ನಡಿಯೂದಿಲ್ಲ. ಹತ್ತಾರು ಸಾವಿರ ಬ್ಯಾಟ್ರಿ ಬದಲಿ ಮಾಡೋರು ಯಾರು?

ಯುಹೆಚ್‌ಎಫ್ (ಕೆಲವು ಮೀಟರ್ ದೂರದಿಂದ ಓದೂ) ಆರ್‌ಎಫ್‌ಐಡಿ ನೀವು ಎಲ್ಲಾರೂ ದಿನಾ ನೋಡ್ತೀರಿ, ಬಂಕಾಪುರ ಟೋಲಿನ್ಯಾಗ ಗಾಡಿ ಗಾಜಿಗೆ ಹಚ್ಚಿದ ಫಾಸ್ಟ್ಯಾಗ್ ಅದ. ಒಳಗ ಬ್ಯಾಟ್ರಿ ಇಲ್ಲ, ರೀಡರ್ ಬಿಡೂ ಅಲೆಯಿಂದನ ಶಕ್ತಿ ತಗೊಂಡು ಅದನ್ನ ಹೊಳ್ಳಿ ಚದುರಿಸಿ ತನ್ನ ನಂಬರ್ ಹೇಳ್ತೈತಿ. ಲೇಬಲ್ ಮೊತ್ತದಾಗ ತಗೊಂಡ್ರ ಹತ್ತು ರೂಪಾಯಿ ಆಸುಪಾಸು, ರೀಡರ್ ಮಾತ್ರ ಲಕ್ಷದ ಮಾತು. ನಮ್ಮ ದೇಶದಾಗ ಇದಕ್ಕ ಕೊಟ್ಟಿದ್ದು 865-868 ಮೆಗಾಹರ್ಟ್ಸ್ ಪಟ್ಟಿ, ಅಮೆರಿಕಾದ್ದು 902-928. ಸಸ್ತಾ ಸಿಕ್ತು ಅಂತ ಅಲ್ಲಿಯ ರೀಡರ್ ತರಸಿದ್ರ ಇಲ್ಲಿ ಅದನ್ನ ಹಚ್ಚೂದು ಕಾನೂನಿಗೆ ಹೊರಗ.

ಈಗ ಮೆಣಸಿನಕಾಯಿ. ಒಣಗಿದ ಮಾಲು, ಹಂಗಾಗಿ ನೀರಿನ ಡಬ್ಬಿಯಷ್ಟು ತ್ರಾಸ ಕೊಡೂದಿಲ್ಲ, ಆದ್ರೂ ಚೀಲದ ಮ್ಯಾಲ ಚೀಲ ಒತ್ತಿ ಹಚ್ಚಿದ ಥಪ್ಪಿ ನಟ್ಟನಡುವಿನ ಟ್ಯಾಗ್ ಹೊರಗ ನಿಂತು ಓದ್ತೇನಿ ಅಂದ್ರ ಆಗೂದಿಲ್ಲ. ‘ಬಟನ್ ಒತ್ತಿದ್ರ ರೂಮಿನ್ಯಾಗಿನ ಎಲ್ಲಾ ಚೀಲದ ಪಟ್ಟಿ’ ಅಂತ ಯಾವ ಸೇಲ್ಸ್‌ನವ ಹೇಳಿದ್ರೂ ಅವನ್ನ ನಿಮ್ಮ ಥಪ್ಪಿ ಮುಂದ ನಿಂದ್ರಿಸಿ ತೋರ್ಸು ಅನ್ರಿ. ಓದೂ ಜಾಗಾ ಅಂದ್ರ ಬಾಗಲಾ. ಒಳಗ ಹೋಗೂ ಮುಂದ, ಹೊರಗ ಬರೂ ಮುಂದ.

ಬಾಗಲದಾಗೂ ಒಂದು ಸೂಕ್ಷ್ಮ ಐತಿ. ಹಮಾಲರು ಚೀಲ ಬೆನ್ನ ಮ್ಯಾಲ ಹೊತ್ತು ಹೋಗ್ತಾರ, ಟ್ಯಾಗ್ ಹಚ್ಚಿದ ಮಗ್ಗಲು ಬೆನ್ನಿಗೆ ಹತ್ತಿತಂದ್ರ ಮುಗೀತು, ಮೈ ನುಂಗಿ ಬಿಡ್ತೈತಿ, ಆ್ಯಂಟೆನಾ ಅರ್ಧ ಮೀಟರಿನ್ಯಾಗ ಇದ್ರೂ ಓದೂದಿಲ್ಲ. ಅದಕ್ಕ ಚೀಲದ ಬಾಯಿ ಹೊಲಿಗೆಗೆ ಜೋತು ಬೀಳೂ ಹಂಗ ದಾರ ಹಾಕಿ ಕಟ್ಟಬೇಕು, ಬಾಗಲದ ಎಡಕ್ಕ ಬಲಕ್ಕ ಎರಡೂ ಕಡೆ ಆ್ಯಂಟೆನಾ ಇಡಬೇಕು. ಮಾಲು ಹೊರಗ ಹೋಗೂ ಮುಂದ ದಾರ ಕತ್ತರಿಸಿ ಟ್ಯಾಗ್ ಹೊಳ್ಳಿ ತಗೋರಿ, ಮುಂದಿನ ಲಾಟಿಗೆ ಬರ್ತೈತಿ, ಐದು ಸಲ ಬಳಸಿದ್ರ ಹತ್ತು ರೂಪಾಯಿ ಖರ್ಚು ಸಲಕ್ಕ ಎರಡ ರೂಪಾಯಿ ಆಗ್ತೈತಿ.

ವಿದ್ಯಾನಗರ_ಬ್ಯಾಕೆಂಡ್

ಭಾಳ ಉಪಕಾರ ಆತ್ರಿ, ಬೆನ್ನಿನ ವಿಷಯ ಅಂತೂ ಯಾವ ಡಾಕ್ಯುಮೆಂಟಿನ್ಯಾಗೂ ಓದಿಲ್ಲ. ಇನ್ನಷ್ಟು ವಿವರ ಕೊಡ್ತೇನಿ. ಆರು ರೂಮು, ಪ್ರತಿ ರೂಮಿಗೆ ಒಂದ ಬಾಗಲಾ, ಗ್ವಾಡಿ ಎಲ್ಲಾ ಪಫ್ ಪ್ಯಾನಲ್ಲು (ನಡುವ ಥಂಡಿ ತಡಿಯೂ ಫೋಮು), ಎರಡೂ ಮಗ್ಗಲಕ್ಕ ಉಕ್ಕಿನ ತಗಡು. ಒಳಗ ಹೋದ್ರ ಫೋನಿಗೆ ನೆಟ್‌ವರ್ಕ್ ಒಂದ ಕಡ್ಡೀನೂ ಇರೂದಿಲ್ಲ. ಚೀಲ ಎಲ್ಲಾ ರೂಮಿನ್ಯಾಗಿಂದು ಕೂಡಿಸಿದ್ರ ನಲವತ್ತು ಸಾವಿರ ದಾಟ್ತಾವಂತ. ಮತ್ತ ನನ್ನ ಹೆದರಿಕೆ ಅಂದ್ರ ಈ ರೀಡರ್ ಕೂಡ ಸಾಫ್ಟ್‌ವೇರ್ ಹೆಂಗ ಮಾತಾಡಸೂದು, ನಾವು ರೆಸ್ಟ್ ಎಪಿಐ ಬಿಟ್ಟು ಬ್ಯಾರೆ ನೋಡಿದವರಲ್ಲ.

ರಾಣೇಬೆನ್ನೂರು_ಕಾಕಾ

ಇಷ್ಟೊತ್ತು ಓದಿದೆ. ನಾ ಪ್ರೋಗ್ರಾಮರ್ ಅಲ್ಲ ಬಿಡ್ರಿ, ಇನ್ವೆಂಟರಿ ನೋಡಿದವ. ನಿಮ್ಮ ಗಿರಾಕಿ ರೋಗ ರೇಡಿಯೋ ಇಲ್ಲದ್ದಲ್ಲ, ‘ರೂಮ್ 3, ಎಡಕ್ಕ’ ಅಂತ ಬರದಿದ್ದು. ನೆಲದ ಮ್ಯಾಲ ಹಳದಿ ಬಣ್ಣದಾಗ ಗೆರಿ ಹೊಡದು ಖಾನೆ ಮಾಡ್ರಿ, ಕಂಬಕ್ಕ ನಂಬರ್ ಬರೀರಿ, ಲಾಟಿಗೊಂದು ಕ್ಯೂಆರ್ ಚೀಟಿ, ಖಾನೆಗೊಂದು ಕ್ಯೂಆರ್ ಚೀಟಿ. ಥಪ್ಪಿ ಹಚ್ಚಿದ ಮ್ಯಾಲ ಸೂಪರ್‌ವೈಸರ್ ಎರಡನ್ನೂ ಫೋನಿನ್ಯಾಗ ಹೊಡೀಲಿ. ಮುಗೀತು. ಈ ಹುಡುಗ ಎರಡು ವಾರದಾಗ ಬರದು ಕೊಡ್ತಾನ, ರೀಡರ್ ರೊಕ್ಕ ಉಳೀತೈತಿ. ಖಾನೆ ಇಲ್ಲದ ಜಾಗಾದಾಗ ಹತ್ತು ಸೆಂಟಿಮೀಟರ್ ಲೆಕ್ಕ ತಗೊಂಡು ಏನ ಮಾಡ್ತೀರಿ? ಒಬ್ಬನ ಲಾಟ್ ಮುಂದ ಮತ್ತೊಬ್ಬಂದು ಹಚ್ಚೂದನ್ನ ಯಾವ ಟ್ಯಾಗೂ ತಡಿಯೂದಿಲ್ಲ.

ತಾರಿಹಾಳ_ಗೋದಾಮು

ಕಾಕಾರ, ಖಾನೆ ಮಾತಿಗೆ ನಾ ಪೂರ್ತಿ ಒಪ್ಪೇನ್ರಿ, ಅದಿಲ್ಲದ ಮುಂದ ಹೋಗೂದ ಬ್ಯಾಡ. ಆದ್ರ ಕ್ಯೂಆರ್ ಅಷ್ಟರ ಮ್ಯಾಲ ನಿಲ್ಲಾಕ ಆಗೂದಿಲ್ಲ, ಯಾಕಂದ್ರ ಸೀಜನ್ನಿನ್ಯಾಗ ರಾತ್ರಿ ಹನ್ನೆರಡಕ್ಕ ಗಾಡಿ ಖಾಲಿ ಮಾಡೂ ಮುಂದ ಆ ಥಂಡಿಯಾಗ ನಿಂತು ಸ್ಕ್ಯಾನ್ ಹೊಡಿಯೋ ಸೂಪರ್‌ವೈಸರ್ ಸಿಗೂದಿಲ್ಲ, ‘ಮುಂಜಾನೆ ಹೊಡೀತೇನಿ’ ಅಂತಾನ, ಮುಂಜಾನೆ ಅನ್ನೂದು ಬರೂದ ಇಲ್ಲ. ಬಾಗಲದಾಗಿನ ರೀಡರಿಗೆ ಮನಸ್ಸು ಬ್ಯಾಡ, ನೆನಪು ಬ್ಯಾಡ. ಅರವತ್ತು ಚೀಲ ಒಳಗ ಹೋದ್ವು, ಐವತ್ತೆಂಟು ಹೊರಗ ಬಂದ್ವು, ಎರಡೆಲ್ಲಿ ಅನ್ನೂ ಜಗಳಕ್ಕ ಸಾಕ್ಷಿ ಅದ.

ಸಾಫ್ಟ್‌ವೇರ್ ಬಗ್ಗೆ. ಚೊಲೋ ಫಿಕ್ಸ್ಡ್ ರೀಡರ್‌ಗಳು ಎಲ್‌ಎಲ್‌ಆರ್‌ಪಿ ಅನ್ನೋ ಸ್ಟ್ಯಾಂಡರ್ಡ್ ಪ್ರೋಟೋಕಾಲ್ ಮಾತಾಡ್ತಾವ, ಟಿಸಿಪಿ ಮ್ಯಾಲ ಬೈನರಿ, ಲೈಬ್ರರಿ ಸಿಗ್ತಾವ, ಕೆಲವು ಎಂಕ್ಯೂಟಿಟಿನೂ (ಸಣ್ಣ ಸಂದೇಶ ಕಳಸೂ ಪ್ರೋಟೋಕಾಲ್) ಕೊಡ್ತಾವ. ಕಂಪನಿಯವರ ಸ್ವಂತ ಎಸ್‌ಡಿಕೆ (ಪ್ರೋಗ್ರಾಮರಿಗೆ ಕೊಡೂ ಲೈಬ್ರರಿ) ಅಷ್ಟ ಐತಿ, ಅದೂ ವಿಂಡೋಸ್ ಡಿಎಲ್‌ಎಲ್ ಅಂದ್ರ ದೂರದಿಂದನ ಕೈ ಮುಗೀರಿ. ಮೊದಲ ದಿನ ನಿಮಗ ಗಾಬರಿ ಆಗೂದು ಏನಂದ್ರ ಒಂದ ಚೀಲ ಬಾಗಲದಾಗ ಹಾಯೂದ್ರಾಗ ಅದ ನಂಬರ್ ಹತ್ತಾರು ಸಲ ಬಂದು ಬೀಳ್ತೈತಿ. ಅದನ್ನ ಡೇಟಾಬೇಸಿಗೆ ಸೀದಾ ಹಾಕಬ್ಯಾಡ್ರಿ. ಮೊದಲ ಸಲ ಯಾವ ಆ್ಯಂಟೆನಾ ನೋಡ್ತು, ಕಡೀ ಸಲ ಯಾವುದು ನೋಡ್ತು, ನಡುವ ಎಷ್ಟು ಹೊತ್ತು, ಇದರಿಂದ ‘ಒಳಗ’ ‘ಹೊರಗ’ ಅಂತ ಒಂದ ಒಂದು ಘಟನೆ ಮಾಡಿ ಬರೀರಿ. ಅದಕ್ಕ ಬಾಗಲದ ಹೊರ ಮಗ್ಗಲಕ್ಕ ಒಂದು ಜೋಡಿ, ಒಳ ಮಗ್ಗಲಕ್ಕ ಒಂದು ಜೋಡಿ ಆ್ಯಂಟೆನಾ. ಸೆಶನ್ ಅಂತ ಒಂದು ಸೆಟ್ಟಿಂಗ್ ಐತಿ, ಬಾಗಲಕ್ಕ ಎಸ್0 ಇಡ್ರಿ, ಟ್ಯಾಗ್ ಪದೇಪದೇ ಉತ್ತರ ಕೊಡ್ತೈತಿ, ದಿಕ್ಕು ತಿಳಿಯಾಕ ಅದ ಬೇಕು. ಥಪ್ಪಿ ಮುಂದ ಹ್ಯಾಂಡ್‌ಹೆಲ್ಡ್ (ಕೈಯಾಗ ಹಿಡಿಯೂ ರೀಡರ್) ಹಿಡಿದು ಎಣಸೂ ಮುಂದ ಎಸ್2, ಒಮ್ಮೆ ಉತ್ತರ ಕೊಟ್ಟಿದ್ದು ಸ್ವಲ್ಪ ಹೊತ್ತು ಸುಮ್ಮನಿರ್ತೈತಿ, ದನಿ ಸಣ್ಣದಿದ್ದ ಟ್ಯಾಗಿಗೂ ಪಾಳಿ ಬರ್ತೈತಿ.

ತಗಡಿನ ಗ್ವಾಡಿ ಅಂದ್ರೆಲ್ಲ, ಅದು ಇಲ್ಲಿ ತ್ರಾಸ. ಬಾಗಲಾ ತಗದಿದ್ದಾಗ ಅಲೆ ಒಳಗ ಹೊಕ್ಕು ಬಡದಾಡಿ ಥಪ್ಪಿಯ ಮುಂದಿನ ಸಾಲಿನ ಚೀಲ ಎಲ್ಲಾ ಓದಿ ಬಿಡ್ತೈತಿ, ಯಾರೂ ಹೊರಗ ಬರದ ‘ಹೊರಗ ಬಂತು’ ಅಂತ ಬರೀತೈತಿ. ಪವರ್ ಇಳಸ್ರಿ, ಬಾಗಲದಾಗ ಒಂದು ಫೋಟೋ ಸೆನ್ಸರ್ ಹಚ್ಚಿ ಯಾರರ ಹಾದ್ರ ಅಷ್ಟ ರೀಡರ್ ಎಬ್ಬಸ್ರಿ. ಜಾಗಾ ಹುಡಕಾಕ ಕಾಕಾರು ಹೇಳಿದ ಖಾನೆ, ಖಾನೆ ತನಕ ಬಂದ ಮ್ಯಾಲ ಹ್ಯಾಂಡ್‌ಹೆಲ್ಡಿನ ಗೀಗರ್ ಮೋಡ್, ಹತ್ರ ಹೋದಂಗ ಜೋರು ಬೀಪ್ ಬೀಪ್ ಅಂತೈತಿ. ಮಾಲೀಕರ ಮಗನ ಬಾಣದ ಗುರ್ತಿನ ಆಶಾ ಅಲ್ಲಿಗೆ ತೀರ್ತೈತಿ.

ಸಾಧನಕೇರಿ_ಆಂಡ್ರಾಯ್ಡ್

ಪಫ್ ಪ್ಯಾನಲ್ ಅಂದ ಕೂಡಲೇ ನನಗೊಂದು ಹೊಳೀತು. ದೂರ ಅಳೀಲಿಕ್ಕೆ ತಗಡಿನ ಡಬ್ಬಿ ಕೆಟ್ಟದ್ದು, ಆದ್ರ ‘ಯಾವ ರೂಮು’ ಅಂತ ಹೇಳ್ಲಿಕ್ಕೆ ಅದರಷ್ಟು ಚೊಲೋ ಯಾವುದೂ ಇಲ್ಲ. ರೂಮ್ 3ರ ಬಿಎಲ್‌ಇ ಸಿಗ್ನಲ್ ಬಾಗಲಾ ಹಾಕಿದ್ರ ರೂಮ್ 4ಕ್ಕ ಹೋಗೂದು ಕಷ್ಟ. ಹಂಗಾಗಿ ಚೀಲಕ್ಕ ಬೀಕನ್ ಬ್ಯಾಡ, ರೂಮಿಗೊಂದೆರಡು ಬೀಕನ್ ಹಚ್ರಿ, ಒಟ್ಟು ಹನ್ನೆರಡು. ಹ್ಯಾಂಡ್‌ಹೆಲ್ಡ್ ತಾನ ಯಾವ ರೂಮಿನ್ಯಾಗ ಅದೀನಿ ಅಂತ ತಿಳ್ಕೊಂಡು ಆ ರೂಮಿನ ಖಾನೆ ಅಷ್ಟ ತೋರಸ್ತದ, ಸೂಪರ್‌ವೈಸರ್ ತಪ್ಪಿ ರೂಮ್ 2ರ ಖಾನೆ ಒತ್ತಿದ್ರ ಒಪ್ಪಬ್ಯಾಡ. ಇಲ್ಲಿ ಆರ್‌ಎಸ್‌ಎಸ್‌ಐ ಎಷ್ಟು ಕುಣಿದ್ರೂ ಚಿಂತಿ ಇಲ್ಲ, ಯಾವುದು ಜೋರು ಅನ್ನೋದೊಂದ ಸಾಕು.

ಬ್ಲೂಟೂತ್ 6.0ರ ಚಾನಲ್ ಸೌಂಡಿಂಗ್ ಬಗ್ಗೆ ಯಾರರ ಕೇಳೇ ಕೇಳ್ತಾರ. 2024ರ ಸೆಪ್ಟೆಂಬರಿನ್ಯಾಗ ಬಂತು, ಅಲೆಯ ಫೇಸ್ ಮತ್ತ ಹೋಗಿ ಬರೋ ಹೊತ್ತು ಎರಡೂ ಅಳೀತದ, ಆರ್‌ಎಸ್‌ಎಸ್‌ಐಗಿಂತ ಭಾಳ ಖರೆ. ಆದ್ರ ಅದು ಎರಡು ಉಪಕರಣ ಕನೆಕ್ಟ್ ಆಗಿ ಮಾಡೋ ಮಾತುಕತಿ, ಎರಡೂ ಕಡೆ ಹೊಸ ಚಿಪ್ಪು ಬೇಕು. ಬಾಗಲದ ಕೀಲಿ, ಗಾಡಿ ಕೀಲಿಗೆ ಹೇಳಿ ಮಾಡಿಸಿದ್ದು. ನಲವತ್ತು ಸಾವಿರ ಚೀಲಕ್ಕಲ್ಲ.

ಮತ್ತ ಆ್ಯಪ್ ಮೊದಲಿಂದನ ಆಫ್‌ಲೈನ್ ಅಂತ ತಿಳ್ಕೊಂಡ ಬರೀರಿ. ಎಲ್ಲಾ ಘಟನೆ ಹ್ಯಾಂಡ್‌ಹೆಲ್ಡಿನ ಎಸ್‌ಕ್ಯೂಲೈಟ್ ಡೇಟಾಬೇಸಿನ್ಯಾಗ, ಪ್ರತಿಯೊಂದಕ್ಕೂ ಅಲ್ಲೇ ಹುಟ್ಟಿದ ಯುಯುಐಡಿ, ಹೊರಗ ಬಂದಾಗ ಸಿಂಕ್, ಅದ ಘಟನೆ ಎರಡು ಸಲ ಬಂದ್ರೂ ಸರ್ವರ್ ಒಂದ ಸಲ ತಗೋಬೇಕು. ಹ್ಯಾಂಡ್‌ಹೆಲ್ಡಿನ ಗಡಿಯಾರ ನಂಬಬ್ಯಾಡ್ರಿ, ಯಾರೋ ಕೈಯಿಂದ ತಾರೀಖು ಬದಲಿ ಮಾಡಿರ್ತಾರ, ಕ್ರಮಸಂಖ್ಯೆ ಒಂದು ಜೋಡಿ ಇರಲಿ.

ವಿದ್ಯಾನಗರ_ಬ್ಯಾಕೆಂಡ್

ಆತ್ರಿ, ಹಂಗಾದ್ರ ಮಾಲೀಕರಿಗೆ ಹಿಂಗ ಹೇಳ್ತೇನಿ: ಮೊದಲ ಒಂದ ರೂಮು, ಖಾನೆ ಗೆರಿ ಹೊಡಸೂದು, ಒಂದ ಬಾಗಲಕ್ಕ ಒಂದ ರೀಡರ್, ಒಂದು ಹ್ಯಾಂಡ್‌ಹೆಲ್ಡ್, ಒಂದು ಸೀಜನ್ ನೋಡೂದು. ಉಳದ ಐದು ರೂಮಿಗೆ ಕಾಕಾರ ಕ್ಯೂಆರ್. ಎರಡರ ಲೆಕ್ಕ ಮಗ್ಗಲಕ್ಕ ಮಗ್ಗಲಾ ಇಟ್ರ ಮಾಲೀಕರ ಮಗನೂ ಒಪ್ತಾನ. ಕಡೀ ಪ್ರಶ್ನೆ ಒಂದ ಐತ್ರಿ, ಟ್ಯಾಗಿನ ಮ್ಯಾಲ ನಂಬರ್, ಕ್ಯೂಆರ್ ಪ್ರಿಂಟ್ ಹಾಕಾಕ ನಮ್ಮ ಆಫೀಸಿನ್ಯಾಗ ಇದ್ದ ಬಿಲ್ ಪ್ರಿಂಟರ್ ನಡೀತೈತೇನು?

ತಾರಿಹಾಳ_ಗೋದಾಮು

ಇಲ್ರಿ. ಬಿಲ್ ಪ್ರಿಂಟರ್ ಅಂದ್ರ ಡೈರೆಕ್ಟ್ ಥರ್ಮಲ್, ಕಾಗದಕ್ಕ ಕಾವು ತಾಗಿಸಿ ಕಪ್ಪು ಮಾಡೂದು, ತಿಂಗಳುಗಟ್ಟಲೆ ತಿಕ್ಕಾಟದಾಗ ಮಾಸಿ ಹೋಗ್ತೈತಿ. ಅದೂ ಅಲ್ಲದ ಥಂಡಿ ರೂಮಿನಿಂದ ಬ್ಯಾಡಗಿ ಬಿಸಲಿಗೆ ಚೀಲ ಬಂದ ಕೂಡಲೆ ಮ್ಯಾಲೆಲ್ಲಾ ಬೆವರು ಒಡೀತೈತಿ, ಕಾಗದದ ಲೇಬಲ್ ಸುಲಿದು ಬರ್ತೈತಿ. ರಿಬ್ಬನ್ ಹಾಕೂ ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರ್, ಪ್ಲಾಸ್ಟಿಕ್ ಲೇಬಲ್, ರೆಸಿನ್ ರಿಬ್ಬನ್ ತಗೋರಿ. ಟ್ಯಾಗ್ ಹೊಳ್ಳಿ ಬಳಸ್ತೀರಿ, ಹಂಗಾಗಿ ಅದರ ಮ್ಯಾಲ ರೈತನ ಹೆಸರು, ಲಾಟ್ ನಂಬರ್ ಏನೂ ಬ್ಯಾಡ, ಟ್ಯಾಗಿನ ಸ್ವಂತ ನಂಬರ್ ಅಷ್ಟ, ಅದ ನಂಬರ್ ಚಿಪ್ಪಿನ ಇಪಿಸಿಯಾಗೂ (ರೀಡರಿಗೆ ಹೇಳೂ ನಂಬರಿನ ಜಾಗಾ) ಬರೀರಿ. ಯಾವ ಲಾಟಿಗೆ ಕಟ್ಟೀವಿ ಅನ್ನೂದು ಡೇಟಾಬೇಸಿನ್ಯಾಗ ಇರಲಿ. ಮತ್ತ ನಂಬರ್ ಕಣ್ಣಿಗೆ ಕಾಣೂ ಹಂಗ ದೊಡ್ಡ ಅಕ್ಷರದಾಗ ಹಾಕ್ರಿ, ಕರೆಂಟ್ ಹೋದ್ರ ಟಾರ್ಚ್ ಹಿಡಕೊಂಡು ಓದಾಕ ಬೇಕಲ್ಲ.